ಫಾಬ್ರಿಝಿಯೊ ದೆ ಆಂದ್ರೆ: ವೇದಿಕೆಗೆ ಅಂಜುತ್ತಿದ್ದ ಹಾಡುಗಾರ ಇಟಲಿಯ ಮನೆಮಾತಾದದ್ದು ಹೇಗೆ?

ಪ್ರಶ್ನೆ: ಶರಾವತಿ

ಇಟಲಿಯ ಗಾಯಕ ಮತ್ತು ಗೀತಕಾರ ಫಾಬ್ರಿಝಿಯೊ ದೆ ಆಂದ್ರೆ ಅವರ ಹಾಡುಗಳನ್ನು ಇತ್ತೀಚೆಗೆ ಬಿಡದೆ ಕೇಳುತ್ತಿದ್ದೇನೆ. ನನಗೆ ಇಟಾಲಿಯನ್ ಭಾಷೆ ಅಷ್ಟಕ್ಕಷ್ಟೆ. ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ನಿಘಂಟಿನ ಸಹಾಯದಿಂದ ಸಾಲು ಸಾಲಾಗಿ ಅರ್ಥ ಬಿಡಿಸಿಕೊಂಡು ಮತ್ತೆ ಕೇಳುತ್ತೇನೆ. ಹಾಡುಗಳು ಹಿಡಿಸಿವೆ, ಆದರೆ ಅವರ ವೃತ್ತಿಜೀವನದ ವಿವರಗಳನ್ನು ಓದಿದಷ್ಟೂ ಒಂದು ಸಂಗತಿ ಬಗೆಹರಿಯದೆ ಉಳಿದಿದೆ.

ಜನಪ್ರಿಯನಾಗಲು ಹಾಡುಗಾರನೊಬ್ಬ ಏನೇನು ಮಾಡಬೇಕೆಂದು ನಾವು ತಿಳಿದಿದ್ದೇವೆಯೋ ಅದರಲ್ಲಿ ಹೆಚ್ಚಿನದನ್ನು ಇವರು ಮಾಡಲೇ ಇಲ್ಲ. ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1961ರಲ್ಲಿ; ಸಭಿಕರೆದುರು ನಿಂತು ಪೂರ್ಣ ಪ್ರಮಾಣದ ಕಾರ್ಯಕ್ರಮ ಕೊಡಲು ಆರಂಭಿಸಿದ್ದು 1975ರಲ್ಲಿ. ಇಟಲಿಯಲ್ಲಿ ಹಾಡುಗಾರರ ಹಣೆಬರಹ ಬರೆಯುವ ಸ್ಯಾನ್‌ರೆಮೊ ಹಾಡಿನ ಸ್ಪರ್ಧೆಗೆ ಅವರು ಒಮ್ಮೆಯೂ ಇಳಿಯಲಿಲ್ಲ. ಸುಮಾರು 40 ವರ್ಷಗಳಲ್ಲಿ ಸ್ಟುಡಿಯೊ ಆಲ್ಬಮ್‌ಗಳೆಂದು ಲೆಕ್ಕಕ್ಕೆ ಸಿಗುವುದು 13 ಮಾತ್ರ. ಅವುಗಳಲ್ಲಿ ಒಂದು ಇಡಿಯಾಗಿ ಅವರ ಹುಟ್ಟೂರಾದ ಬಂದರು ನಗರ ಜಿನೋವಾದ ಆಡುನುಡಿಯಲ್ಲಿದ್ದು, ಇಟಲಿಯ ಬಹುಪಾಲು ಜನರಿಗೇ ಅದು ಅರ್ಥವಾಗುವುದಿಲ್ಲ. ಹೀಗಿದ್ದೂ 1999ರ ಜನವರಿಯಲ್ಲಿ ಅವರು ತೀರಿಕೊಂಡಾಗ ಜಿನೋವಾದ ಅಂತ್ಯಸಂಸ್ಕಾರಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಇಂದು ಅವರ ಹೆಸರಿನ ರಸ್ತೆಗಳಿವೆ, ಶಾಲೆಗಳಿವೆ. ಪಠ್ಯಪುಸ್ತಕಗಳಲ್ಲಿ ಅವರ ಸಾಹಿತ್ಯವಿದೆ.

ಈ ಜನಪ್ರಿಯತೆ ಅವರ ಬದುಕಿನ ಕಾಲದಲ್ಲಿಯೇ ಇತ್ತೇ, ಅಥವಾ ಸತ್ತ ಮೇಲೆ ಕಟ್ಟಿದ್ದೇ? ಇದ್ದಿದ್ದರೆ ಅದರ ಮೂಲ ಎಲ್ಲಿದೆ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾದೀತು.

ಉತ್ತರ: ಹಳೆಯ ರೆಕಾರ್ಡು

ಜನಪ್ರಿಯತೆ ಅವರ ಕಾಲದಲ್ಲಿಯೇ ಇತ್ತು. ಆದರೆ ಅದು ಬಂದ ದಾರಿ ಬೇರೆ. ಮೊದಮೊದಲು ಅದು ಬಂದದ್ದು ಅವರದೇ ಕಂಠದಿಂದಲೂ ಅಲ್ಲ.

ದೆ ಆಂದ್ರೆ ಹುಟ್ಟಿದ್ದು 1940ರ ಫೆಬ್ರವರಿ 18ರಂದು, ಜಿನೋವಾದ ಪೆಲ್ಯಿ ಎಂಬ ಬಡಾವಣೆಯಲ್ಲಿ. ಕಾನೂನು ಓದಲು ಸೇರಿದವರು ಕೆಲವೇ ಪರೀಕ್ಷೆಗಳು ಉಳಿದಿರುವಾಗ ಕೈಬಿಟ್ಟರು. ಅರವತ್ತರ ದಶಕದ ಆರಂಭದಲ್ಲಿ ಆ ಊರಿನಲ್ಲಿ ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವ ತರುಣರ ಒಂದು ಗುಂಪೇ ಇತ್ತು. ಜಿನೊ ಪಾವೊಲಿ, ಲೂಯಿಜಿ ತೆಂಕೊ, ಉಂಬೆರ್ತೊ ಬಿಂದಿ, ಬ್ರೂನೊ ಲೌಜಿ ಮುಂತಾದವರನ್ನು ಒಟ್ಟಾಗಿ ಜಿನೋವಾ ಪರಂಪರೆ ಎಂದೇ ಕರೆಯುತ್ತಾರೆ. ಹೆಚ್ಚಿನವರು ಪ್ರೇಮಗೀತೆಯನ್ನು ಹೊಸ ರೀತಿಯಲ್ಲಿ ಹೇಳಹೊರಟಾಗ ದೆ ಆಂದ್ರೆ ಕಣ್ಣು ಹೊರಳಿಸಿದ್ದು ಫ್ರಾನ್ಸಿನ ಹಾಡುಗಾರ ಜಾರ್ಜ್ ಬ್ರಾಸಾನ್ಸ್ ಕಡೆಗೆ. ಗಿಟಾರೊಂದನ್ನು ಹಿಡಿದು ಕತೆ ಹೇಳುವುದು, ಸಭ್ಯರು ಮೂಗು ಮುರಿಯುವ ಜನರನ್ನು ಕತೆಯ ನಾಯಕರನ್ನಾಗಿ ಮಾಡುವುದು, ನಗುನಗುತ್ತಲೇ ಚುಚ್ಚುವುದು, ಇವೆಲ್ಲವನ್ನೂ ಅವರು ಬ್ರಾಸಾನ್ಸ್‌ರಿಂದ ಕಲಿತರು. ಹಲವು ಹಾಡುಗಳನ್ನು ನೇರವಾಗಿ ಅನುವಾದಿಸಿಯೂ ಹಾಡಿದರು.

1964ರಲ್ಲಿ ಮರಿನೆಲ್ಲಾ ಎಂಬ ಹುಡುಗಿಯ ಹಾಡು ಬಂತು. ಕೇಳಲು ಅದು ಅಜ್ಜಿಕತೆಯಂತಿದೆ: ಹುಡುಗಿ, ಅವಳ ಬಾಗಿಲು ತಟ್ಟಿದ ಕಿರೀಟವಿಲ್ಲದ ರಾಜ, ಒಂದು ದಿನದ ಪ್ರೀತಿ, ಕೊನೆಗೆ ನದಿಗೆ ಜಾರಿಬಿದ್ದು ನಕ್ಷತ್ರಕ್ಕೆ ಹಾರಿದ ಅವಳು. ಹಿಂದಿರುವುದು ಮಾತ್ರ ಪತ್ರಿಕೆಯ ಅಪರಾಧ ಸುದ್ದಿ. ದೇಹ ಮಾರಿ ಬದುಕುತ್ತಿದ್ದ ಬಡ ಹುಡುಗಿಯೊಬ್ಬಳನ್ನು ಯಾರೋ ನದಿಗೆ ತಳ್ಳಿ ಕೊಂದಿದ್ದರು. ಅವಳಿಗೆ ಬದುಕನ್ನು ಮರಳಿ ಕೊಡಲಾಗದ ಕಾರಣ ಸಾವನ್ನಾದರೂ ಸಿಹಿಯಾಗಿಸಲು ಯತ್ನಿಸಿದೆ ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿದ್ದುಂಟು. ಆ ಹಾಡು ಮೂರು ವರ್ಷ ಹೆಚ್ಚಿನವರ ಕಿವಿಗೆ ಬೀಳಲಿಲ್ಲ. 1967ರಲ್ಲಿ ಗಾಯಕಿ ಮೀನಾ ಅದನ್ನು ಹಾಡಿದರು. ಆಗ ಇಟಲಿಯಲ್ಲಿ ಮೀನಾ ಎಂದರೆ ಎಷ್ಟು ದೊಡ್ಡ ಹೆಸರೆಂದರೆ ಅವರು ದೂರದರ್ಶನದಲ್ಲಿ ಹಾಡಿದ್ದು ಮಾರನೆಯ ದಿನ ದೇಶದ ಬಾಯಲ್ಲಿರುತ್ತಿತ್ತು. ಗೌರವಧನ ಬರತೊಡಗಿತು, ಬರೆದವನು ಯಾರೆಂದು ಜನ ಕೇಳತೊಡಗಿದರು. ಮೀನಾ ಹಾಡದಿದ್ದರೆ ತಾನು ಕಾನೂನು ಮುಗಿಸಿ ವಕೀಲನಾಗಿರುತ್ತಿದ್ದೆನೆಂದು ದೆ ಆಂದ್ರೆ ಅವರೇ ಒಪ್ಪಿಕೊಂಡಿದ್ದಾರೆ.

ಅದೇ 1967ರ ಜನವರಿಯಲ್ಲಿ, ಸ್ಯಾನ್‌ರೆಮೊ ಸ್ಪರ್ಧೆಯ ಹೊತ್ತಿನಲ್ಲಿ, ಗೆಳೆಯ ತೆಂಕೊ ತಮ್ಮ ಹಾಡು ಹೊರಬಿದ್ದ ರಾತ್ರಿ ಹೋಟೆಲಿನ ಕೋಣೆಯಲ್ಲಿ ಪ್ರಾಣ ಕಳೆದುಕೊಂಡರು. ಆತ್ಮಹತ್ಯೆ ಮಾಡಿಕೊಂಡವರನ್ನು ಸ್ವರ್ಗಕ್ಕೆ ಸೇರಿಸಿಕೊಳ್ಳೆಂದು ದೇವರನ್ನು ಬೇಡುವ ಪ್ರಾರ್ಥನೆಯೊಂದನ್ನು ದೆ ಆಂದ್ರೆ ಬರೆದು ತಮ್ಮ ಮೊದಲ ಎಲ್‌ಪಿಯ ಮೊದಲ ಹಾಡಾಗಿಸಿದರು. ಅವರು ಸ್ಪರ್ಧೆಗೆ ಇಳಿಯಲಿಲ್ಲವೆಂದು ಬರೆದಿದ್ದೀರಿ, ಏಕೆಂಬ ಪ್ರಶ್ನೆ ಏಳುತ್ತದೆ. ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಇದನ್ನು ಬಿಟ್ಟು ಆ ಪ್ರಶ್ನೆಗೆ ಉತ್ತರಿಸಲೂ ಆಗದು.

ಆ ಮೇಲಿನ ಆರೇಳು ವರ್ಷಗಳೇ ಅವರ ಕೀರ್ತಿಯ ತಳಪಾಯ. ಒಂದೊಂದು ಎಲ್‌ಪಿಯನ್ನೂ ಬಿಡಿಹಾಡುಗಳ ಗಂಟಾಗಿಸದೆ ಒಂದೇ ವಸ್ತುವಿನ ಸುತ್ತ ಕಟ್ಟುವ ಕ್ರಮವನ್ನು ಇಟಲಿಯಲ್ಲಿ ಮೊದಲು ಹಿಡಿದವರಲ್ಲಿ ಅವರೊಬ್ಬರು. 1970ರ ಆಲ್ಬಮ್ ಯೇಸುವಿನ ಕತೆಯನ್ನು ಚರ್ಚು ಒಪ್ಪದ ಸುವಾರ್ತೆಗಳ ಆಧಾರದ ಮೇಲೆ ಹೇಳುತ್ತದೆ. ಅಲ್ಲಿ ಮುಂದೆ ನಿಲ್ಲುವವರು ಮರಿಯಳು, ಜೋಸೆಫ್, ಶಿಲುಬೆ ಮಾಡಿದ ಬಡಗಿ, ಪಕ್ಕದ ಶಿಲುಬೆಗಳಲ್ಲಿ ನೇತಾಡಿದ ಕಳ್ಳರು, ಅವರ ತಾಯಂದಿರು. ವಿದ್ಯಾರ್ಥಿ ಚಳವಳಿ ಬೀದಿಯಲ್ಲಿರುವಾಗ ಈತ ಬೈಬಲ್ಲಿಗೆ ಕುಳಿತನಲ್ಲ ಎಂದು ಗೆಳೆಯರೇ ಆಡಿಕೊಂಡರು. ಯೇಸುವಿಗಿಂತ ದೊಡ್ಡ ಕ್ರಾಂತಿಕಾರಿ ಯಾರಿದ್ದಾನೆ ಎಂಬುದು ಅವರ ಉತ್ತರವಾಗಿತ್ತು. ಮರುವರ್ಷ ಅಮೆರಿಕದ ಕವಿ ಎಡ್ಗರ್ ಲೀ ಮಾಸ್ಟರ್ಸ್ ಅವರ ಸ್ಮಶಾನಗೀತೆಗಳಲ್ಲಿ ಒಂಬತ್ತನ್ನು ಆರಿಸಿ, ಮುರಿದು ಕಟ್ಟಿ ಹಾಡಾಗಿಸಿದರು. ಆ ಕವಿತೆಗಳನ್ನು 1943ರಲ್ಲಿ ಇಟಾಲಿಯನ್ನಿಗೆ ತಂದ ಫರ್ನಾಂದಾ ಪಿವಾನೊ ಈ ಹೊಸ ರೂಪವನ್ನು ಮನಸಾರೆ ಮೆಚ್ಚಿದರು. ಅದಕ್ಕೆ ವಾದ್ಯಸಂಯೋಜನೆ ಮಾಡಿದ ತರುಣ ನಿಕೊಲಾ ಪಿಯೊವಾನಿ. ಮುಂದೆ ಚಿತ್ರಸಂಗೀತಕ್ಕೆ ಆಸ್ಕರ್ ಪಡೆದವರು ಇವರೇ.

ಇವೆಲ್ಲ ಮಾರಾಟವಾದವು, ಚರ್ಚೆಯಾದವು, ಕಾಲೇಜು ಹುಡುಗರ ಗಿಟಾರುಗಳಿಗೆ ಇಳಿದವು. ಹಾಡುಗಾರ ಮಾತ್ರ ಮನೆಯಲ್ಲಿದ್ದರು. ಅವರ ವೇದಿಕೆಯ ಅಂಜಿಕೆ ಸೋಗಲ್ಲ, ನಿಜವಾದದ್ದು. 1975ರ ಮಾರ್ಚಿನಲ್ಲಿ ವಿಯರೆಜ್ಜೊ ಬಳಿಯ ಬುಸ್ಸೊಲಾ ಎಂಬ ದುಬಾರಿ ಕ್ಲಬ್ಬಿನಲ್ಲಿ ಮೊದಲ ಬಾರಿ ಪೂರ್ಣ ಪ್ರಮಾಣದ ಕಾರ್ಯಕ್ರಮ ಕೊಟ್ಟಾಗ, ಅರಾಜಕತಾವಾದಿಯೆಂದು ಹೇಳಿಕೊಳ್ಳುವವನು ಹಣವಂತರ ಮೋಜಿನ ಮನೆಯಲ್ಲಿ ಹಾಡಿದನೆಂಬ ಟೀಕೆಯೂ ಬಂತು.

ಉತ್ತರ: ಕಟುಸತ್ಯ

ಹಳೆಯ ರೆಕಾರ್ಡು ಅವರ ವಿವರಣೆ ಚೆನ್ನಾಗಿದೆ, ಆದರೆ ಭಕ್ತಿ ಸ್ವಲ್ಪ ಹೆಚ್ಚಾಯಿತು. ಜನಪ್ರಿಯತೆಯನ್ನು ಜನರ ಸಂಖ್ಯೆಯಿಂದ ಅಳೆಯುವುದಾದರೆ ಇಟಲಿಯಲ್ಲಿ ಮೊದಲು ಬರುವ ಹೆಸರುಗಳು ಲೂಚೊ ಬಾತ್ತಿಸ್ತಿ ಮತ್ತು ವಾಸ್ಕೊ ರೊಸ್ಸಿ ಅವರವು. ವಾಸ್ಕೊ 2017ರ ಜುಲೈ 1ರಂದು ಮೊದೆನಾದಲ್ಲಿ ಹಾಡಿದಾಗ ಟಿಕೆಟ್ ಕೊಂಡು ಬಂದವರು 2 ಲಕ್ಷಕ್ಕೂ ಹೆಚ್ಚು. ದೆ ಆಂದ್ರೆ ಆ ಲೆಕ್ಕದಲ್ಲಿ ಹತ್ತಿರಕ್ಕೂ ಬರುವುದಿಲ್ಲ.

ಎರಡನೆಯದಾಗಿ, ಬಡವರ ಹಾಡುಗಾರ ಎನ್ನುವಾಗ ಮನೆತನವನ್ನೂ ಹೇಳಬೇಕು. ತಂದೆ ಜುಸೆಪ್ಪೆ ಸಕ್ಕರೆ ಉದ್ಯಮದ ಮೇಲ್ಮಟ್ಟದ ಆಡಳಿತಗಾರರು, ಜಿನೋವಾದ ಉಪಮೇಯರ್ ಆಗಿದ್ದವರು. ಹೊಟ್ಟೆಪಾಡಿನ ಚಿಂತೆಯಿಲ್ಲದವನಿಗೆ ವೇದಿಕೆ ಹತ್ತದೆ ಹದಿನಾಲ್ಕು ವರ್ಷ ಕಾಯುವುದು ಕಷ್ಟವೇನಲ್ಲ.

ಮೂರನೆಯ ಮಾತು ಮುಖ್ಯವಾದದ್ದು. ಅವರು ನಿಜಕ್ಕೂ ಒಬ್ಬರೇ ಕುಳಿತು ಬರೆದು ರಾಗ ಹಾಕಿದ ವಾಗ್ಗೇಯಕಾರರೇ? ರೆವೆರ್ಬೆರಿ, ಪಿಯೊವಾನಿ, ಬೆಂತಿವೊಲ್ಯೊ, ದೆ ಗ್ರೆಗೊರಿ, ಬುಬೊಲಾ, ಪಗಾನಿ, ಫೊಸ್ಸಾತಿ, ಹೀಗೆ ಒಂದೊಂದು ಕಾಲಕ್ಕೆ ಒಬ್ಬೊಬ್ಬ ಜೊತೆಗಾರ. ಜಿನೋವಾದ ವೇಶ್ಯೆಯರ ಬೀದಿ ವಿಯಾ ದೆಲ್ ಕಾಂಪೊ ಮೇಲಿನ ಪ್ರಸಿದ್ಧ ಹಾಡಿನ ರಾಗವನ್ನಂತೂ ಹಳೆಯ ಕಾಲದ ಧಾಟಿಯೆಂದು ಭಾವಿಸಿ ಬಳಸಿಕೊಂಡಿದ್ದರು. ಅದು ಮಿಲಾನಿನ ಎಂಜೊ ಜನ್ನಾಚ್ಚಿ ಹಾಕಿದ ರಾಗವೆಂದು ಆಮೇಲೆ ಗೊತ್ತಾಗಿ ಅವರ ಹೆಸರನ್ನು ಸೇರಿಸಬೇಕಾಯಿತು.

ಉತ್ತರ: ಕಡಲಂಚು

ಕಟುಸತ್ಯ ಅವರು ಕೊಟ್ಟ ಸಂಗತಿಗಳು ಸರಿ, ಅವುಗಳಿಂದ ಹೊರಡಿಸಿದ ತೀರ್ಮಾನ ಸರಿಯಲ್ಲ. ಜೊತೆಗಾರರು ಬದಲಾದರು, ಆಲ್ಬಮ್ಮಿನ ಬಣ್ಣವೂ ಪ್ರತಿಸಲ ಬದಲಾಯಿತು. ಆದರೆ ಯಾರ ಕತೆ ಹೇಳಬೇಕು, ಯಾವ ಕೋನದಿಂದ ಹೇಳಬೇಕು ಎಂಬುದು 1961ರಿಂದ 1996ರವರೆಗೆ ಬದಲಾಗಲಿಲ್ಲ. ಅದು ಜೊತೆಗಾರರಿಂದ ಬಂದದ್ದಾಗಿದ್ದರೆ ಅವರು ಬದಲಾದಾಗ ಅದೂ ಬದಲಾಗಬೇಕಿತ್ತು. ಅಲ್ಲದೆ ಆ ಕಂಠವಿದೆ. ತಗ್ಗಿನ ಸ್ಥಾಯಿಯಲ್ಲಿ ನಿಂತು, ಒಂದೂ ಅಕ್ಷರವನ್ನು ನುಂಗದೆ, ಅಳುವ ಕಡೆ ಅಳದೆ ಹಾಡುವ ಆ ಕಂಠ ಯಾರಿಂದಲೂ ಎರವಲು ತಂದದ್ದಲ್ಲ.

ನನ್ನ ಆಸಕ್ತಿ ಜಿನೋವಾ ನುಡಿಯ ಆಲ್ಬಮ್ಮಿನ ಮೇಲೆ. 1984ರಲ್ಲಿ ಬಂದ 'ಕ್ರೆಉಝಾ ದೆ ಮಾ' ಅವರ ಜನಪ್ರಿಯತೆಗೆ ಅಡ್ಡಿಯಾಗಬೇಕಾಗಿದ್ದ ಕೆಲಸ. ಆಗಿನ ಇಟಲಿಯಲ್ಲಿ ಆಡುನುಡಿಯ ಹಾಡೆಂದರೆ ನೇಪಲ್ಸಿನದು. ಅದಕ್ಕೆ ದೇಶದಾದ್ಯಂತ ಕೇಳುಗರಿದ್ದರು. ಜಿನೋವಾ ನುಡಿಗೆ ಆ ಭಾಗ್ಯವಿರಲಿಲ್ಲ. ಧ್ವನಿಮುದ್ರಣ ಸಂಸ್ಥೆಗೆ ಇದು ವ್ಯಾಪಾರವಾಗುವ ವಸ್ತುವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಅದರ ರಾಗಗಳು ಬಹುಪಾಲು ಮೌರೊ ಪಗಾನಿಯವರವು. ಪಿಎಫ್‌ಎಂ ಎಂಬ ರಾಕ್ ತಂಡದಲ್ಲಿ ಪಿಟೀಲು, ಕೊಳಲು ನುಡಿಸುತ್ತಿದ್ದ ಪಗಾನಿ ತಂಡ ಬಿಟ್ಟ ಮೇಲೆ ಮೆಡಿಟರೇನಿಯನ್ ಕರಾವಳಿಯ ವಾದ್ಯಗಳ ಬೆನ್ನು ಹತ್ತಿದ್ದರು. ಔದ್, ಬುಝೂಕಿ ಮುಂತಾದ ತಂತಿವಾದ್ಯಗಳು ಈ ಆಲ್ಬಮ್ಮಿನ ಮೈ ತುಂಬ ಇವೆ. ಹಡಗಿನ ಆಳು ಒಂದೊಂದು ಬಂದರಿನಲ್ಲಿ ಹೆಕ್ಕಿಕೊಂಡ ಪದಗಳಿಂದ ಕಟ್ಟಿದಂತಿರುವ ಕಲ್ಪಿತ ಭಾಷೆಯೊಂದರಲ್ಲಿ ಹಾಡೋಣವೇ ಎಂಬ ಯೋಚನೆ ಇಬ್ಬರಿಗೂ ಇತ್ತಂತೆ. ಅಂಥ ಭಾಷೆ ಆಗಲೇ ಇದೆ, ಅರಬಿ, ತುರ್ಕಿ, ಸ್ಪ್ಯಾನಿಷ್ ಪದಗಳನ್ನೆಲ್ಲ ನುಂಗಿಕೊಂಡ ಜಿನೋವಾ ನುಡಿಯೇ ಅದು, ಎಂದು ನಿರ್ಧಾರವಾಯಿತು.

ಹಾಡುಗಳ ಒಳಗೇನಿದೆ ನೋಡಿ. ಒಂದು ಹಾಡಿನಲ್ಲಿ ಸಮುದ್ರದಿಂದ ಬಂದ ನಾವಿಕರು ಹೋಟೆಲಿನಲ್ಲಿ ಉಣ್ಣಲು ಕುಳಿತು, ಈ ಮನೆಯಲ್ಲಿ ತಿನ್ನಲು ಏನು ಸಿಗಬಹುದೆಂದು ಅನುಮಾನಪಡುತ್ತಾ ಖಾದ್ಯಗಳ ಹೆಸರು ಹೇಳುತ್ತಾ ಹೋಗುತ್ತಾರೆ. ಇನ್ನೊಂದರಲ್ಲಿ ಜಿನೋವಾ ಮೂಲದ ಚಿಕಾಲಾ ಎಂಬ ಹುಡುಗ ತುರ್ಕರ ಸೆರೆಗೆ ಸಿಕ್ಕು, ಧರ್ಮ ಬದಲಿಸಿ, ಸಿನಾನ್ ಪಾಶಾ ಎಂಬ ಹೆಸರಿನಿಂದ ಆಟೊಮನ್ ಸಾಮ್ರಾಜ್ಯದ ಪ್ರಧಾನ ವಜೀರನವರೆಗೂ ಏರಿದ ಚರಿತ್ರೆಯಿದೆ; ಬದಲಾದದ್ದು ಇಷ್ಟೆ, ದೇವರ ಹೆಸರಿನಲ್ಲಿ ಬೈಯುವ ಬದಲು ಪ್ರವಾದಿಯ ಹೆಸರಿನಲ್ಲಿ ಬೈಯುತ್ತೇನೆ ಎಂಬ ಧಾಟಿಯಲ್ಲಿ ಅವನು ತನ್ನ ಸಮರ್ಥನೆ ಮಾಡಿಕೊಳ್ಳುತ್ತಾನೆ. ಮತ್ತೊಂದು ಲೆಬನಾನಿನ ಸೀದೊನ್ ಪಟ್ಟಣದ್ದು. 1982ರ ಯುದ್ಧದಲ್ಲಿ ಟ್ಯಾಂಕಿನಡಿ ನಜ್ಜುಗುಜ್ಜಾದ ಮಗುವನ್ನು ಎತ್ತಿಕೊಂಡ ತಂದೆಯ ಮಾತು ಅದು. ಜಿನೋವಾದ ಮೀನು ಮಾರುಕಟ್ಟೆಯ ಕೂಗುಗಳನ್ನೂ ಧ್ವನಿಮುದ್ರಿಸಿ ಆಲ್ಬಮ್ಮಿಗೆ ಸೇರಿಸಿದ್ದಾರೆ.

ನಾನು ಮನೆಯಲ್ಲಿ ಕೊಂಕಣಿ ಆಡುವವನು, ಬಂದರಿನ ಊರಿನಲ್ಲಿ ಬೆಳೆದವನು. ಪೋರ್ಚುಗೀಸ್ ಪದವೋ ಅರಬಿ ಪದವೋ ನಾಲಿಗೆಗೆ ಬಂದಾಗ ಅದು ಪರಕೀಯವೆಂದು ನಮಗೆ ಅನಿಸುವುದಿಲ್ಲ. ಈ ಆಲ್ಬಮ್ ಅಷ್ಟು ಬೇಗ ಕಿವಿಗೆ ಒಗ್ಗಿದ್ದಕ್ಕೆ ಇದೂ ಕಾರಣವಿರಬಹುದು.

ಫಲಿತಾಂಶವೇನಾಯಿತು? ಮುಖಪುಟದ ಒಳಗೆ ಇಟಾಲಿಯನ್ ಅನುವಾದ ಮುದ್ರಿಸಿಕೊಂಡು ಬಂದ ಆ ಆಲ್ಬಮ್, ತೆಂಕೊ ಹೆಸರಿನಲ್ಲಿ ಆ ವರ್ಷವೇ ಆರಂಭವಾದ ಪ್ರಶಸ್ತಿಗಳಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ ಎನಿಸಿತು. ಅಮೆರಿಕದ ರಾಕ್ ಹಾಡುಗಾರ ಡೇವಿಡ್ ಬರ್ನ್ ಅದನ್ನು ದಶಕದ ಮುಖ್ಯ ಆಲ್ಬಮ್‌ಗಳಲ್ಲೊಂದೆಂದು ಎಣಿಸಿದರು. ಇಟಲಿಯ ಬೇರೆ ಬೇರೆ ಪ್ರಾಂತ್ಯಗಳ ತರುಣರು ತಮ್ಮ ತಮ್ಮ ಆಡುನುಡಿಗಳಲ್ಲಿ ಹೊಸ ಹಾಡು ಕಟ್ಟಲು ಹಿಂಜರಿಕೆ ಬಿಟ್ಟದ್ದು ಇದರ ಅನಂತರ. ವಾಸ್ಕೊ ಅವರ 2 ಲಕ್ಷ ಜನರ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಥವಾಗದ ನುಡಿಯ ಆಲ್ಬಮ್ಮನ್ನು ಒಂದು ದೇಶ ತನ್ನದೆಂದು ಒಪ್ಪಿಕೊಳ್ಳುವುದು ಮಾತ್ರ ಬೇರೆಯೇ ಬಗೆಯ ಜನಪ್ರಿಯತೆ.

ಮೂಲ ಪ್ರಶ್ನೆ ಕೇಳಿದವರಿಂದ: ಶರಾವತಿ

ಮೂವರಿಗೂ ಧನ್ಯವಾದಗಳು. ಸೀದೊನ್ ಹಾಡನ್ನು ಅರ್ಥ ತಿಳಿಯದೆ ಹಲವು ಸಲ ಕೇಳಿದ್ದೆ. ಈಗ ತಿಳಿದ ಮೇಲೆ ಅದರ ಆರಂಭದ ಸದ್ದುಗಳೇ ಬೇರೆಯಾಗಿ ಕೇಳುತ್ತಿವೆ.

ಮತ್ತೆರಡು ಅನುಮಾನಗಳಿವೆ. 1979ರಲ್ಲಿ ಅವರನ್ನು ಅಪಹರಿಸಲಾಗಿತ್ತೆಂದು ಓದಿದ್ದೇನೆ. ಆ ಘಟನೆಯಿಂದ ಹುಟ್ಟಿದ ಅನುಕಂಪ ಅವರ ಜನಪ್ರಿಯತೆಗೆ ಕಾರಣವಾಯಿತೇ? ಹಾಗೆಯೇ, ಅವರ ಕೊನೆಯ ವರ್ಷಗಳ ಬಗ್ಗೆ ಯಾರೂ ಬರೆಯಲಿಲ್ಲ. ಇಂದಿನ ಇಟಲಿಯಲ್ಲಿ ಚಿಕ್ಕ ವಯಸ್ಸಿನವರು ಅವರನ್ನು ನಿಜಕ್ಕೂ ಕೇಳುತ್ತಾರೆಯೇ, ಅಥವಾ ನಮ್ಮಲ್ಲಿ ಕೆಲವರ ವಿಷಯದಲ್ಲಿ ಆಗುವಂತೆ ಜಯಂತಿಯ ದಿನ ಹಾರ ಹಾಕಿ ಮರೆಯುತ್ತಾರೆಯೇ?

ಉತ್ತರ: ತೊರಿನೊ ಕನ್ನಡಿಗ

ನಾನು ಇಟಲಿಯ ತೊರಿನೊಗೆ ಉದ್ಯೋಗಕ್ಕೆ ಬಂದು ನೆಲೆಸಿದವನು; ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಹಾರ ಹಾಕುವುದೂ ಇದೆ, ಕೇಳುವುದೂ ಇದೆ. ಯುದ್ಧದ ಗಡಿ ದಾಟಿದ ಪಿಯೆರೊ ಎಂಬ ಸೈನಿಕನ ಹಾಡನ್ನು ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ಎದುರಿಗೆ ಕಂಡವನ ಮನಸ್ಥಿತಿ ತನ್ನದೇ, ಸಮವಸ್ತ್ರದ ಬಣ್ಣ ಮಾತ್ರ ಬೇರೆ ಎಂದು ಅವನು ಗುಂಡು ಹಾರಿಸಲು ಹಿಂಜರಿದ ಕ್ಷಣದಲ್ಲಿ ಎದುರಿನವನು ಹಾರಿಸಿಬಿಡುತ್ತಾನೆ. ನನ್ನ ಕಚೇರಿಯಲ್ಲಿ ಮೂವತ್ತು ದಾಟದವರು ಊಟದ ಹೊತ್ತಿನಲ್ಲಿ ಇದನ್ನು ಸುಮ್ಮನೆ ಗುನುಗುವುದನ್ನು ಕೇಳಿದ್ದೇನೆ. ಗಿಟಾರಿನ ಮೂರು ನಾಲ್ಕು ಸ್ವರಮೇಳ ಬಲ್ಲವರಿಗೂ ನುಡಿಸಲು ಬರುವಂತಿರುವುದು ಈ ಹಾಡುಗಳ ಆಯುಷ್ಯಕ್ಕೆ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ವಿಮರ್ಶಕರು ಇದನ್ನು ಹೇಳುವುದು ಕಡಿಮೆ.

ಅಪಹರಣದ ವಿಷಯ. ಎಪ್ಪತ್ತರ ದಶಕದ ಮಧ್ಯದಲ್ಲಿ ಅವರು ಸಾರ್ಡೀನಿಯಾ ದ್ವೀಪದ ತೆಂಪಿಯೊ ಪೌಸಾನಿಯಾ ಬಳಿ ಲಾನ್ಯಾತಾ ಎಂಬ ಜಮೀನು ಕೊಂಡು ಒಕ್ಕಲುತನಕ್ಕೂ ದನ ಸಾಕುವುದಕ್ಕೂ ಇಳಿದಿದ್ದರು. 1979ರ ಆಗಸ್ಟ್ 27ರ ರಾತ್ರಿ ಅವರನ್ನೂ ಸಂಗಾತಿ ದೋರಿ ಗೆಜ್ಜಿಯವರನ್ನೂ ಅಲ್ಲಿಂದಲೇ ಎತ್ತಿಕೊಂಡು ಹೋದರು. ಒತ್ತೆಹಣಕ್ಕಾಗಿ ಜನರನ್ನು ಅಪಹರಿಸುವುದು ಆ ಕಾಲದ ಸಾರ್ಡೀನಿಯಾದಲ್ಲಿ ಒಂದು ದಂಧೆಯೇ ಆಗಿತ್ತು. ನಾಲ್ಕು ತಿಂಗಳು ಬೆಟ್ಟಗಾಡಿನಲ್ಲಿ ಕಟ್ಟಿಹಾಕಿ, ಸುಮಾರು 55 ಕೋಟಿ ಲೀರಾ ಪಡೆದು ಡಿಸೆಂಬರಿನ ಕ್ರಿಸ್ಮಸ್ ಮುಂಚಿನ ದಿನಗಳಲ್ಲಿ ಬಿಟ್ಟರು. ಹಣದ ಬಹುಪಾಲು ಕೊಟ್ಟವರು ಅದೇ ತಂದೆ, ಜುಸೆಪ್ಪೆ.

ವಿಚಾರಣೆಯಲ್ಲಿ ದೆ ಆಂದ್ರೆ ತಮ್ಮನ್ನು ಕಾವಲು ಕಾದವರನ್ನು ಕ್ಷಮಿಸಿದರು. ಸಂಚು ಹೂಡಿದವರನ್ನು ಕ್ಷಮಿಸಲಿಲ್ಲ. ಸಂಚುಗಾರರಿಗೆ ಹಣದ ಕೊರತೆಯಿರಲಿಲ್ಲ, ಕಾವಲುಗಾರರು ಬಡ ಕುರಿಗಾಹಿಗಳು ಎಂಬುದು ಅವರ ವಾದ. ಇದನ್ನು ಬರಿಯ ಔದಾರ್ಯವೆಂದು ಓದಿದರೆ ಅವರನ್ನು ಅರ್ಧವೇ ಓದಿದಂತೆ. ಹಾಡುಗಳಲ್ಲಿ ಹದಿನೈದು ವರ್ಷ ಹೇಳಿದ್ದನ್ನು ಅವರು ನ್ಯಾಯಾಲಯದಲ್ಲಿಯೂ ಹೇಳಿದರು. ತಮ್ಮ ಮೈಮೇಲೆ ಬಂದಾಗಲೂ ತಕ್ಕಡಿ ಬದಲಿಸಲಿಲ್ಲ. ಅನುಕಂಪ ಕೆಲಕಾಲ ಇದ್ದಿರಬೇಕು, ಆದರೆ ಜನಪ್ರಿಯತೆ ಆ ಹೊತ್ತಿಗಾಗಲೇ ಏರಿತ್ತು. ಅಪಹರಣಕ್ಕೆ ಕೆಲವು ತಿಂಗಳ ಮುನ್ನ ಪಿಎಫ್‌ಎಂ ತಂಡದೊಂದಿಗೆ ಊರೂರು ಸುತ್ತಿ ಹಾಡಿದ್ದರು. ಫ್ಲಾರೆನ್ಸ್, ಬೊಲೊನ್ಯಾಗಳಲ್ಲಿ ಮುದ್ರಿಸಿದ ಆ ಕಾರ್ಯಕ್ರಮದ ಧ್ವನಿಮುದ್ರಿಕೆಗಳು ಇಂದಿಗೂ ಮಾರುಕಟ್ಟೆಯಲ್ಲಿವೆ. ಹಳೆಯ ಗಿಟಾರಿನ ಹಾಡುಗಳಿಗೆ ಡ್ರಮ್ಮು, ಪಿಯಾನೊ, ಪಿಟೀಲು ಸೇರಿದ ಆ ರೂಪಗಳನ್ನೇ ಇಂದಿನವರು ಮೂಲವೆಂದು ಭಾವಿಸಿದ್ದಾರೆ. 1981ರ ಆಲ್ಬಮ್ಮಿನಲ್ಲಿ ಅಪಹರಣದ ದಿನಗಳ ನೆನಪಿನ ಜೊತೆಗೆ, 1864ರಲ್ಲಿ ಅಮೆರಿಕದ ಸ್ಯಾಂಡ್ ಕ್ರೀಕ್‌ನಲ್ಲಿ ನಡೆದ ಮೂಲನಿವಾಸಿಗಳ ಕಗ್ಗೊಲೆಯನ್ನೂ ತಂದು, ಸಾರ್ಡೀನಿಯಾದ ಜನರನ್ನೂ ಆ ಮೂಲನಿವಾಸಿಗಳನ್ನೂ ಅಕ್ಕಪಕ್ಕ ನಿಲ್ಲಿಸಿದರು. ಅಪಹರಿಸಿದವರ ನೆಲದ ಪರವಾಗಿ ಹೀಗೆ ಹಾಡಿದ ಮೇಲೆ ಅನುಕಂಪ ಗಿಟ್ಟಿಸಿಕೊಂಡರೆಂದು ಹೇಳುವುದು ಕಷ್ಟ.

ಆಮೇಲಿನದು ನಿಧಾನದ ಕೆಲಸ: 1984, 1990, 1996, ಅಷ್ಟೆ. 1990ರ ಆಲ್ಬಮ್ಮಿನಲ್ಲಿ ನೇಪಲ್ಸ್ ಧಾಟಿಯ ಒಂದು ಹಾಡಿದೆ. ಸೆರೆಮನೆಯ ಕಾವಲಿನವನು ಒಳಗಿರುವ ಭೂಗತ ದೊರೆಯೊಡನೆ ಮಾತಾಡುವುದು ಅದರ ವಸ್ತು. ಇವನು ಅವನ ಜೊತೆ ಕಾಫಿ ಕುಡಿಯುತ್ತಾನೆ, ಪತ್ರಿಕೆ ಓದಿ ದೇಶ ಹಾಳಾಯಿತೆಂದು ಗೊಣಗುತ್ತಾನೆ, ಕೆಲಸವಿಲ್ಲದೆ ಹದಿನೈದು ವರ್ಷ ಅಲೆದ ತಮ್ಮನಿಗೆ ಏನಾದರೂ ದಾರಿ ಮಾಡಿಕೊಡಿ ಎಂದು ಕೇಳುತ್ತಾನೆ. ಮದುವೆಯ ಮನೆಯಲ್ಲಿ ಗತ್ತಿನಿಂದ ಕಾಣಬೇಕು, ನ್ಯಾಯಾಲಯದ ವಿಚಾರಣೆಯ ದಿನ ಟಿವಿಯಲ್ಲಿ ಕಂಡ ನಿಮ್ಮ ಒಂಟೆ ಬಣ್ಣದ ಕೋಟನ್ನು ಒಂದು ದಿನಕ್ಕೆ ಕೊಡಿ ಎಂದೂ ಬೇಡುತ್ತಾನೆ. ಸರ್ಕಾರ ಕೊಡದ್ದನ್ನು ಕೈದಿ ಕೊಡುತ್ತಾನೆ. ಕುಣಿಸುವ ಲಯ, ನಗಿಸುವ ಮಾತು. ಜನ ಅದನ್ನು ಹಬ್ಬದ ಹಾಡಿನಂತೆ ಹಾಡುತ್ತಾರೆ, ಆದರೆ ಅದರ ವ್ಯಂಗ್ಯ ಯಾರಿಗೂ ತಪ್ಪುವುದಿಲ್ಲ. ಜನಪ್ರಿಯತೆಯ ಮೂಲ ಎಲ್ಲಿದೆಯೆಂದು ಕೇಳಿದಿರಲ್ಲ, ಈ ಒಂದು ಹಾಡನ್ನು ಬಿಡಿಸಿ ನೋಡಿದರೆ ಬಹುಪಾಲು ಸಿಗುತ್ತದೆ.

1996ರ ಕೊನೆಯ ಆಲ್ಬಮ್ ಇವಾನೊ ಫೊಸ್ಸಾತಿಯವರೊಂದಿಗೆ ಬರೆದದ್ದು. ಬ್ರೆಜಿಲಿನಲ್ಲಿ ಹುಡುಗನಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟವಳ ಕತೆಯಿಂದ ಅದು ಆರಂಭವಾಗುತ್ತದೆ. ರೋಮಾ ಅಲೆಮಾರಿಗಳ ಹಾಡೊಂದು ಕೊನೆಯಲ್ಲಿ ಅವರದೇ ಭಾಷೆಗೆ ಹೊರಳುತ್ತದೆ, ಆ ಸಾಲುಗಳನ್ನು ಹಾಡಿದವರು ದೋರಿ. ಪ್ರವಾಸ ನಡೆದಿರುವಾಗಲೇ 1998ರ ಆಗಸ್ಟಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಕಲಾಬ್ರಿಯಾದ ರೊಚ್ಚೆಲ್ಲಾ ಯೋನಿಕಾದಲ್ಲಿ ಆ ತಿಂಗಳ 13ರಂದು ಹಾಡಿದ್ದೇ ಕೊನೆ. 1999ರ ಜನವರಿ 11ರಂದು ಮಿಲಾನಿನಲ್ಲಿ ತೀರಿಕೊಂಡರು.

ಆಮೇಲೆ ಆದದ್ದರಲ್ಲಿ ಉತ್ಸವವೂ ಇದೆ, ವ್ಯಾಪಾರವೂ ಇದೆ. ಮಗ ಕ್ರಿಸ್ತಿಯಾನೊ ತಂದೆಯ ಹಾಡುಗಳನ್ನೇ ಹಿಡಿದು ಪ್ರವಾಸ ಮಾಡುತ್ತಾರೆ. 2018ರಲ್ಲಿ ಸರ್ಕಾರಿ ವಾಹಿನಿಯಲ್ಲಿ ಅವರ ಬದುಕಿನ ಧಾರಾವಾಹಿ ಬಂದಾಗ, ನಟನ ನಾಲಿಗೆಯಲ್ಲಿ ರೋಮಿನ ಉಚ್ಚಾರ ಇಣುಕುತ್ತದೆಂದು ಜಿನೋವಾದವರು ಗೊಣಗಿದರು. ಗೊಣಗಲು ಅವರಿಗೆ ಹಕ್ಕಿದೆ. ಅವರು ಕಳೆದುಕೊಂಡದ್ದು ಊರಿನ ಮನುಷ್ಯನನ್ನು. ವಿಯಾ ದೆಲ್ ಕಾಂಪೊ ಎಂಬ ಆ ಬೀದಿಯ ಅಂಗಡಿಯವರೂ ನಿವಾಸಿಗಳೂ ಹಣ ಕೂಡಿಸಿ, ಹರಾಜಿಗೆ ಬಂದ ಅವರ ಗಿಟಾರನ್ನು ಕೊಂಡು ತಮ್ಮ ಬೀದಿಗೇ ತಂದರು. ಹಿಂದೆ ಧ್ವನಿಮುದ್ರಿಕೆಗಳ ಅಂಗಡಿಯಿದ್ದ 29ನೆಯ ಸಂಖ್ಯೆಯ ಮಳಿಗೆ ಈಗ ಜಿನೋವಾದ ಹಾಡುಗಾರರ ಸಂಗ್ರಹಾಲಯ, ಗಿಟಾರು ಅಲ್ಲಿದೆ. ಅವರ ಪುಸ್ತಕಗಳೂ ಟಿಪ್ಪಣಿಗಳೂ ಸಿಯೆನಾ ವಿಶ್ವವಿದ್ಯಾಲಯದಲ್ಲಿವೆ, ಸಂಶೋಧಕರು ಬಳಸುತ್ತಾರೆ.

ಉತ್ತರ: ಕಟುಸತ್ಯ

ಕೋಟಿನ ಹಾಡಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೂ 1973ರ ಆಲ್ಬಮ್ಮನ್ನು ಎಲ್ಲರೂ ಜಾಣತನದಿಂದ ಬಿಟ್ಟಿದ್ದೀರಿ. ಬಾಂಬು ಹಿಡಿದು ಒಬ್ಬಂಟಿಯಾಗಿ ಬಂಡೇಳುವ ಗುಮಾಸ್ತನ ಕತೆ ಅದು. ಬಂದಾಗ ಎಡಪಂಥದ ವಿಮರ್ಶಕರೇ ಅದನ್ನು ಹರಿದುಹಾಕಿದ್ದರು. ಮಾತು ಬಿಗಿಯಾಗಿದೆ, ಹಾಡು ಭಾರವಾಗಿದೆ ಎಂಬ ದೂರಿನಲ್ಲಿ ಹುರುಳಿತ್ತು. ಈಗ ಅದೂ ಮೇರುಕೃತಿ ಎನ್ನುತ್ತಾರೆ. ಸತ್ತ ಮೇಲೆ ಕಟ್ಟಿದ ಕೀರ್ತಿಯೇ ಎಂದು ಶರಾವತಿಯವರು ಕೇಳಿದ್ದರಲ್ಲಿ ಇಷ್ಟಾದರೂ ನಿಜವಿದೆ.

ಉತ್ತರ: ಹಳೆಯ ರೆಕಾರ್ಡು

ಅಷ್ಟನ್ನು ಒಪ್ಪುತ್ತೇನೆ. ಆ ಆಲ್ಬಮ್ಮಿನಲ್ಲಿ ನ್ಯಾಯಾಧೀಶನೆದುರಿನ ಭಾಗ ಇಂದಿಗೂ ತಿಣುಕುತ್ತದೆ. ಆದರೆ ಮುರಿದುಬಿದ್ದ ದಾಂಪತ್ಯದ ಹಾಡೊಂದು ಅದರೊಳಗೇ ಇದೆ, ಇಟಾಲಿಯನ್ನಿನಲ್ಲಿ ಅಂಥ ಹಾಡುಗಳು ಹೆಚ್ಚಿಲ್ಲ.

ಶರಾವತಿಯವರೇ, ಮುಂದೆ ಕೇಳುವುದಾದರೆ ಕಾಲಕ್ರಮದಲ್ಲಿ ಹೋಗಬೇಡಿ. ಮೊದಲು 1979ರ ಪಿಎಫ್‌ಎಂ ಕಾರ್ಯಕ್ರಮದ ಮುದ್ರಿಕೆ ಕೇಳಿ. ಸಭಿಕರ ಉಸಿರು ಅದರಲ್ಲಿ ಕೇಳಿಸುತ್ತದೆ, ಹಾಡುಗಳ ಪರಿಚಯವೂ ಒಮ್ಮೆಗೇ ಆಗುತ್ತದೆ. ಅನಂತರ ಸ್ಮಶಾನಗೀತೆಗಳ 1971ರ ಆಲ್ಬಮ್; ಮಾಸ್ಟರ್ಸ್ ಅವರ ಕವಿತೆಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಎಲ್ಲೆಲ್ಲಿ ಮುರಿದು ಕಟ್ಟಿದ್ದಾರೆಂಬುದು ಕಾಣುತ್ತದೆ. ಜಿನೋವಾ ನುಡಿಯದನ್ನು ನೀವು ಆಗಲೇ ಹಿಡಿದಿದ್ದೀರಿ. 1996ರದನ್ನು ಕಡೆಗೆ ಇಟ್ಟುಕೊಳ್ಳಿ, ಮತ್ತು ಅದನ್ನು ಕೇಳುವಾಗ ನಿಘಂಟನ್ನು ಒಂದು ಸಲಕ್ಕಾದರೂ ಮುಚ್ಚಿಡಿ.